ಟೈಟನ್‌ನ ಮೀಥೇನ್ ಕಡಲು: ಜೀವಕ್ಕೆ ನೀರೇ ಬೇಕೆಂದು ಯಾರು ಹೇಳಿದರು?

ನಿಶಾಚರ

ಹೊಸ ಗ್ರಹವೊಂದು ಪತ್ತೆಯಾಯಿತೆಂದರೆ ಸಾಕು, ಪತ್ರಿಕೆಗಳು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ನೀರಿದೆಯೇ? ಇದೆ ಎಂದರೆ ಮುಖಪುಟ, ಇಲ್ಲ ಎಂದರೆ ಒಳಪುಟದ ಮೂಲೆ. ಈ ನೀರಿನ ಜಪ ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಈ ಚರ್ಚೆ.

ಭೂಮಿಯನ್ನು ಬಿಟ್ಟರೆ ನಮ್ಮ ಸೌರವ್ಯೂಹದಲ್ಲಿ ಈಗಲೂ ಮಳೆ ಸುರಿದು, ಹೊಳೆ ಹರಿದು, ಕಡಲು ಸೇರುವ ನೆಲ ಇನ್ನೊಂದೇ ಇದೆ. ಅದು ಶನಿಯ ಉಪಗ್ರಹ ಟೈಟನ್. 2005ರ ಜನವರಿ 14ರಂದು ಹೈಗೆನ್ಸ್ ಎಂಬ ಶೋಧಕ ಪ್ಯಾರಾಚೂಟ್ ಬಿಚ್ಚಿಕೊಂಡು ಸುಮಾರು ಎರಡೂವರೆ ಗಂಟೆ ಇಳಿದು ಅಲ್ಲಿ ಕಾಲೂರಿತು. ಅದು ಕಳಿಸಿದ ಚಿತ್ರವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಕಿತ್ತಳೆ ಮಬ್ಬಿನಲ್ಲಿ ಅಂಗೈಯಷ್ಟಗಲದ ಉರುಟು ಕಲ್ಲುಗಳು ಚದುರಿ ಬಿದ್ದಿವೆ. ಮೂಲೆಗಳೆಲ್ಲ ಸವೆದು ನುಣುಪಾಗಿವೆ, ಕೆಲವುಗಳ ಬುಡದಲ್ಲಿ ನೆಲ ಕೊರೆದಂತಿದೆ. ಹರಿವಿನಲ್ಲಿ ಉರುಳಿದ ಕಲ್ಲು ಹೀಗೆಯೇ ಆಗುವುದು. ವಿಚಿತ್ರವೆಂದರೆ ಆ ಕಲ್ಲುಗಳೇ ನೀರು! ಮೈನಸ್ 179 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜುಗಡ್ಡೆ ಬಂಡೆಯಂತೆ ಗಟ್ಟಿ. ಅವುಗಳನ್ನು ಉರುಳಿಸಿದ್ದು ದ್ರವರೂಪದ ಮೀಥೇನ್. ಉತ್ತರ ಧ್ರುವದ ಬಳಿ ಇರುವ ಕ್ರಾಕೆನ್ ಮಾರೆ ಎಂಬ ಮೀಥೇನ್–ಈಥೇನ್ ಕಡಲು ವಿಸ್ತಾರದಲ್ಲಿ ನಮ್ಮ ಕ್ಯಾಸ್ಪಿಯನ್ ಸಮುದ್ರಕ್ಕೆ ಸಾಟಿ.

ದ್ರವ ಇದೆ, ಇಂಗಾಲದ ಸಂಯುಕ್ತಗಳು ರಾಶಿ ರಾಶಿ ಇವೆ, ಸಾರಜನಕದ ದಟ್ಟ ವಾತಾವರಣವಿದೆ, ಋತುಗಳಿವೆ. ಆದರೂ ನೀರು ಹರಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಕಡಲನ್ನು ಪಟ್ಟಿಯಿಂದ ಹೊಡೆದು ಹಾಕುವುದು ಯಾವ ನ್ಯಾಯ?

ರಸಾಯನ ಮೇಷ್ಟ್ರು

ನಿಶಾಚರರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀರಿನ ಪರವಾಗಿ ವಕಾಲತ್ತು ವಹಿಸಲು ನಾನಿದ್ದೇನೆ. ನಾವು ನೀರು ಕುಡಿಯುವವರು ಎಂಬ ಅಭಿಮಾನದಿಂದ ಯಾರೂ ನೀರನ್ನು ಹುಡುಕುತ್ತಿಲ್ಲ.

ಮೊದಲು ಲಭ್ಯತೆ ನೋಡಿ. ವಿಶ್ವದಲ್ಲಿ ಅತಿ ಹೆಚ್ಚು ಇರುವ ಧಾತು ಜಲಜನಕ, ಎರಡನೆಯದು ಯಾರೊಂದಿಗೂ ಬೆರೆಯದ ಹೀಲಿಯಂ, ಮೂರನೆಯದು ಆಮ್ಲಜನಕ. ಮೊದಲನೆಯದೂ ಮೂರನೆಯದೂ ಸೇರಿದರೆ ನೀರು. ಬುಧಗ್ರಹದ ಧ್ರುವಗಳ ನೆರಳು ಕುಳಿಗಳಲ್ಲಿ ಕೂಡ ಮಂಜುಗಡ್ಡೆ ಸಿಕ್ಕಿರುವಾಗ ಇದನ್ನು ಅಪರೂಪದ ವಸ್ತು ಎನ್ನಲಾದೀತೇ?

ಇನ್ನು ಗುಣ. ಭೂಮಿಯ ವಾಯುಭಾರದಲ್ಲಿ ನೀರು ನೂರು ಡಿಗ್ರಿಗಳಷ್ಟು ಅಗಲದ ವ್ಯಾಪ್ತಿಯಲ್ಲಿ ದ್ರವವಾಗಿರುತ್ತದೆ. ಮೀಥೇನ್ ಮೈನಸ್ 182ರಲ್ಲಿ ಕರಗಿ ಮೈನಸ್ 161ರ ಹೊತ್ತಿಗೆ ಆವಿಯಾಗಿ ಹೋಗುತ್ತದೆ, ಇಪ್ಪತ್ತು ಡಿಗ್ರಿಯ ಇಕ್ಕಟ್ಟು ಓಣಿ. ಟೈಟನ್‌ನ ವಾಯುಭಾರ ನಮ್ಮದರ ಒಂದೂವರೆ ಪಟ್ಟು ಇರುವುದರಿಂದ ಅಲ್ಲಿ ಆ ಓಣಿ ಸ್ವಲ್ಪ ಅಗಲವಾಗುತ್ತದೆ, ಅಷ್ಟೇ. ನೀರಿನ ಅಣುವಿಗೆ ಒಂದು ತುದಿಯಲ್ಲಿ ಋಣ, ಇನ್ನೊಂದು ತುದಿಯಲ್ಲಿ ಧನ ವಿದ್ಯುದಂಶವಿದೆ. ಹಾಗಾಗಿ ಲವಣ, ಸಕ್ಕರೆ, ಅಮೈನೋ ಆಮ್ಲಗಳನ್ನೆಲ್ಲ ಅದು ಕರಗಿಸಿಕೊಳ್ಳುತ್ತದೆ. ಕೊಬ್ಬನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಒಗ್ಗರಣೆಯ ಎಣ್ಣೆ ಸಾರಿನಲ್ಲಿ ಬೆರೆಯದೆ ಚಕ್ಕೆ ಚಕ್ಕೆಯಾಗಿ ತೇಲುವುದು ಈ ಕಾರಣಕ್ಕೇ, ಮತ್ತು ಜೀವಕೋಶಕ್ಕೆ ಕೊಬ್ಬಿನ ಪೊರೆ ಬಂದಿರುವುದೂ ಈ ಕಾರಣಕ್ಕೇ. ಕರಗಿಸುವುದು ಎಷ್ಟು ಮುಖ್ಯವೋ ಕೆಲವನ್ನು ಕರಗಿಸದೆ ಬಿಡುವುದೂ ಅಷ್ಟೇ ಮುಖ್ಯ. ಮೀಥೇನ್‌ಗೆ ಆ ವಿವೇಚನೆ ಇಲ್ಲ. ನಮ್ಮ ಡಿಎನ್ಎಯನ್ನು ಅದರಲ್ಲಿ ಹಾಕಿದರೆ ಕರಗದೆ ತಳ ಸೇರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಚಳಿ. ಹತ್ತು ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಯ ವೇಗ ಅರ್ಧವಾಗುತ್ತದೆ ಎಂದು ಪಿಯುಸಿಯಲ್ಲಿ ಕಲಿಸುತ್ತಿದ್ದೆವು. ಇಪ್ಪತ್ತರಿಂದ ಮೈನಸ್ 180ಕ್ಕೆ ಇಳಿದರೆ ಇಪ್ಪತ್ತು ಸಲ ಅರ್ಧ ಮಾಡಬೇಕು, ಅಂದರೆ ಹತ್ತು ಲಕ್ಷ ಪಟ್ಟು ನಿಧಾನ. ಇಲ್ಲಿ ಒಂದು ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ಅಲ್ಲಿ ಹನ್ನೆರಡು ದಿನ. ಇದೂ ಉದಾರ ಲೆಕ್ಕ. ಆ ಸೂತ್ರ ನಮ್ಮ ಕೋಣೆಯ ಉಷ್ಣತೆಯ ಆಸುಪಾಸಿಗೆ ಹೇಳಿದ್ದು. ಅಷ್ಟು ಕೆಳಗೆ ಹೋದರೆ ಎಷ್ಟೋ ಕ್ರಿಯೆಗಳು ಸೌರವ್ಯೂಹದ ಆಯುಸ್ಸಿನಲ್ಲೂ ಮುಗಿಯುವುದಿಲ್ಲ.

ತರ್ಕಬದ್ಧ

ಮೇಷ್ಟ್ರೇ, ನೀವು ತೋರಿಸಿದ್ದು ನೀರು ಉತ್ತಮ ದ್ರಾವಕ ಎಂಬುದನ್ನು. ಅದು ಅನಿವಾರ್ಯ ಎಂಬುದನ್ನಲ್ಲ. ಎರಡಕ್ಕೂ ಅಂತರವಿದೆ. ನಮ್ಮ ಬಳಿ ಇರುವ ಮಾದರಿ ಒಂದೇ ಒಂದು. ಭೂಮಿಯ ಬ್ಯಾಕ್ಟೀರಿಯಾ, ಬಿದಿರು, ಆನೆ ಎಲ್ಲವೂ ಒಂದೇ ಮೂಲದ ಸಂತಾನವಾದ್ದರಿಂದ ಎಣಿಕೆಗೆ ಅವೆಲ್ಲ ಸೇರಿ ಒಂದೇ.

ಕಡಲಾಚೆಯವನು

ಮೇಷ್ಟ್ರ ಚಳಿಯ ವಾದಕ್ಕೆ ಒಂದು ಪ್ರತಿವಾದವಿದೆ. ನಿಧಾನವಾಗುವುದು ನಮ್ಮ ದೇಹದಲ್ಲಿ ನಡೆಯುವಂಥ ಕ್ರಿಯೆಗಳು, ಗಟ್ಟಿ ಬಂಧಗಳನ್ನು ಮುರಿದು ಕಟ್ಟುವಂಥವು. ಆ ಚಳಿಯಲ್ಲಿ ನಮ್ಮಲ್ಲಿ ಕ್ಷಣಮಾತ್ರವೂ ನಿಲ್ಲದ ದುರ್ಬಲ ಬಂಧಗಳು ಸ್ಥಿರವಾಗಿ ನಿಲ್ಲುತ್ತವೆ. ಅವುಗಳಿಂದಲೇ ಕಟ್ಟಿದ ಜೀವಿಯೊಂದು ಇದ್ದರೆ ಅದರ ಕಣ್ಣಿಗೆ ನಮ್ಮ ಭೂಮಿ ಎಲ್ಲವೂ ಸುಟ್ಟು ಹೋಗುವ ಕುಲುಮೆ. ಸ್ಟೀವನ್ ಬೆನ್ನರ್ ಮೊದಲಾದ ರಸಾಯನಶಾಸ್ತ್ರಜ್ಞರು 2004ರಲ್ಲೇ ಪರ್ಯಾಯ ದ್ರಾವಕಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅದಕ್ಕೂ ಬಹಳ ಹಿಂದೆ, 1954ರಲ್ಲಿ, ಜೆ.ಬಿ.ಎಸ್. ಹಾಲ್ಡೇನ್ ನೀರಿನ ಬದಲು ದ್ರವ ಅಮೋನಿಯಾ ಆಗಬಹುದೇ ಎಂದು ಕೇಳಿದ್ದರು. ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಸೂಕ್ಷ್ಮದರ್ಶಿ

ಕಲ್ಪನೆಗೆ ಯಾರ ತಡೆಯೂ ಇಲ್ಲ. ನಾನು ಕೆಲಸ ಮಾಡುವುದು ಸೂಕ್ಷ್ಮಾಣುಜೀವಿಗಳ ಜೊತೆ, ಹಾಗಾಗಿ ಭೂಮಿಯಲ್ಲೇ ನಡೆದ ಒಂದು ಪರೀಕ್ಷೆಯನ್ನು ನಿಮ್ಮ ಮುಂದಿಡುತ್ತೇನೆ. ಯಾರೂ ಬೇಕೆಂದು ಏರ್ಪಡಿಸಿದ್ದಲ್ಲ.

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಲಾ ಬ್ರಿಯಾ ಎಂಬ ಊರಿದೆ. ಅಲ್ಲೊಂದು ಡಾಂಬರಿನ ಕೆರೆ. ರಸ್ತೆಗೆ ಹಾಕುವ ಡಾಂಬರಿನಂಥದೇ ಕಪ್ಪು ಅಂಟು ನೆಲದಾಳದಿಂದ ಉಕ್ಕಿ ಬಂದು ಎಕರೆಗಟ್ಟಲೆ ಹರಡಿಕೊಂಡಿದೆ. ಬಹುಪಾಲು ಮೇಲ್ಮೈ ಎಷ್ಟು ಗಟ್ಟಿಯೆಂದರೆ ಅದರ ಮೇಲೆ ಜನ ನಡೆದಾಡುತ್ತಾರೆ. ಒಳಗೆ ಹೈಡ್ರೋಕಾರ್ಬನ್‌ಗಳು, ವಿಷಕಾರಿ ಲೋಹಗಳು. ಟೈಟನ್‌ನ ಕಡಲಿಗೆ ಭೂಮಿಯ ಮೇಲೆ ಹೋಲಿಕೆ ಬೇಕೆಂದಾಗಲೆಲ್ಲ ಎಲ್ಲರೂ ಬೆರಳು ತೋರಿಸುವುದು ಇದರ ಕಡೆಗೇ. ಅಲ್ಲಿನ ಡಾಂಬರನ್ನು ಪರೀಕ್ಷಿಸಿದಾಗ ಜೀವಂತ ಸೂಕ್ಷ್ಮಾಣುಜೀವಿಗಳು ಸಿಕ್ಕವು. ಎಣ್ಣೆಯಲ್ಲೇ ಬದುಕುವ ಜೀವಿಗಳು ಸಿಕ್ಕೇಬಿಟ್ಟವೆಂದು ಬಹಳ ಮಂದಿ ಹಿಗ್ಗಿದರು.

2014ರಲ್ಲಿ ಇನ್ನೊಂದು ತಂಡ ಆ ಎಣ್ಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿತು. ಅದರೊಳಗೆ ಒಂದರಿಂದ ಮೂರು ಮೈಕ್ರೋಲೀಟರ್ ಗಾತ್ರದ ನೀರಿನ ಹನಿಗಳು ಅಡಗಿದ್ದವು. ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರೋಲೀಟರ್. ಜೀವಿಗಳಿದ್ದದ್ದು ಆ ಹನಿಗಳ ಒಳಗೆ. ಒಂದೊಂದು ಹನಿಯೂ ಹಲವು ಬಗೆಯ ಬ್ಯಾಕ್ಟೀರಿಯಾ ಮತ್ತು ಅವುಗಳಂತೆಯೇ ಏಕಕೋಶದ ಬೇರೊಂದು ಗುಂಪಾದ ಆರ್ಕಿಯಾಗಳ ತುಂಬು ಸಂಸಾರ. ಹೊರಗಿನ ಎಣ್ಣೆಯನ್ನು ಅವು ಮೇಯುತ್ತಿದ್ದವು, ಆದರೆ ಮನೆ ಮಾಡಿದ್ದು ನೀರಿನಲ್ಲೇ.

ಕಿಣ್ವಗಳದೂ ಇದೇ ಕಥೆ. ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಲೈಪೇಸ್ ಎಂಬ ಕಿಣ್ವ ನೀರಿನ ಬದಲು ಸಾವಯವ ದ್ರಾವಕದಲ್ಲಿ, ಅದೂ ನೂರು ಡಿಗ್ರಿ ಶಾಖದಲ್ಲಿ ಕೆಲಸ ಮಾಡುತ್ತದೆ ಎಂದು 1984ರಲ್ಲಿ ತೋರಿಸಿದಾಗ ಎಲ್ಲರೂ ಬೆರಗಾದರು. ಆದರೆ ಇಂಥ ಕಿಣ್ವಗಳ ಮೈಗೆ ಅಂಟಿದ ತೆಳು ನೀರಿನ ಪದರವನ್ನೂ ಪೂರ್ತಿ ಕಿತ್ತುಕೊಂಡರೆ ಅವು ಮರಗಟ್ಟಿ ಕೆಲಸ ನಿಲ್ಲಿಸುತ್ತವೆ.

ನೀರಿಲ್ಲದೆ ಜೀವವಿದೆ ಎನ್ನುವ ಪ್ರತಿ ಸುದ್ದಿಯ ಬೆನ್ನು ಹತ್ತಿ ಹೋದರೆ ಕೊನೆಗೆ ಎಲ್ಲೋ ಒಂದು ಹನಿ ಸಿಕ್ಕೇ ಸಿಗುತ್ತದೆ.

ಮಲೆನಾಡಿಗ

ನಮ್ಮ ಮನೆಯ ಹಿಂದಿನ ಜಂಬಿಟ್ಟಿಗೆ ಗೋಡೆಯ ಪಾಚಿ ಏಪ್ರಿಲ್‌ನಲ್ಲಿ ಉಗುರು ತಾಗಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದು ಅರ್ಧ ದಿನವಾಗುವುದರೊಳಗೆ ಹಸಿರು. ಅಷ್ಟು ಕಾಲ ಅದು ನೀರಿಲ್ಲದೆ ಬದುಕಿತ್ತಲ್ಲ ಮೇಡಂ? ನೀರುಕರಡಿ ಎಂಬ ಸೂಕ್ಷ್ಮಪ್ರಾಣಿ ಒಣಗಿ ವರ್ಷಗಟ್ಟಲೆ ಇರುತ್ತದೆ ಎಂದೂ ಓದಿದ್ದೇನೆ.

ಸೂಕ್ಷ್ಮದರ್ಶಿ

ಒಳ್ಳೆಯ ಪ್ರಶ್ನೆ. ಒಣಗಿದ ಸ್ಥಿತಿಯಲ್ಲಿ ಅವು ಸಾಯುವುದಿಲ್ಲ, ಆದರೆ ಉಣ್ಣುವುದೂ ಇಲ್ಲ, ಬೆಳೆಯುವುದೂ ಇಲ್ಲ, ಮರಿ ಹಾಕುವುದೂ ಇಲ್ಲ. ಜೀವದ ವ್ಯವಹಾರವೆಲ್ಲ ಸ್ಥಗಿತ. ನೀರಿಲ್ಲದೆ ಕಾಯಬಹುದು, ಸಂಸಾರ ಮಾಡಲಾಗದು.

ಇದನ್ನು ಅಳೆಯಲು ಜಲಚಟುವಟಿಕೆ ಎಂಬ ಮಾಪನವಿದೆ. ಶುದ್ಧ ನೀರಿಗೆ 1, ಸಂಪೂರ್ಣ ಒಣಗಿದ್ದಕ್ಕೆ 0. ನೀರು ಎಷ್ಟಿದೆ ಎಂಬುದಕ್ಕಿಂತ ಬಳಕೆಗೆ ಎಷ್ಟು ಸಿಗುತ್ತದೆ ಎಂಬುದನ್ನು ಇದು ಹೇಳುತ್ತದೆ. ಜೇನುತುಪ್ಪದಲ್ಲಿ ನೀರಿದ್ದರೂ ಅದರ ಅಂಕ ಸುಮಾರು 0.6, ಆದ್ದರಿಂದಲೇ ಅದು ಕೆಡುವುದಿಲ್ಲ. ಭೂಮಿಯ ಮೇಲೆ ಜೀವಕೋಶ ವಿಭಜನೆಯಾದದ್ದು ದಾಖಲಾಗಿರುವ ಅತಿ ಕಡಿಮೆ ಅಂಕ 0.585, ಅದೂ ಒಂದು ಶಿಲೀಂಧ್ರದಲ್ಲಿ. ಶುಕ್ರಗ್ರಹದ ಗಂಧಕಾಮ್ಲದ ಮೋಡಗಳಲ್ಲಿ ಅದು 0.004ನ್ನು ಮೀರುವುದಿಲ್ಲ ಎಂದು 2021ರಲ್ಲಿ ಲೆಕ್ಕ ಹಾಕಲಾಯಿತು. ಅದರ ಹಿಂದಿನ ವರ್ಷವಷ್ಟೇ ಅಲ್ಲಿ ಫಾಸ್ಫೀನ್ ಅನಿಲ ಸಿಕ್ಕಿದೆ, ಜೀವವಿರಬಹುದು ಎಂದು ಗದ್ದಲವೆದ್ದಿತ್ತು.

ನಿಶಾಚರ

ಮೇಡಂ, ನಿಮ್ಮ ಸಾಕ್ಷಿಗಳೆಲ್ಲ ಭೂಮಿಯ ಮೂಲದವೇ. ನೀರಿನಲ್ಲಿ ಹುಟ್ಟಿದ ವಂಶದವರು ಡಾಂಬರಿಗೆ ಹೋದರೂ ಹನಿ ಹುಡುಕಿಕೊಂಡಾರು. ಅದರಲ್ಲಿ ಆಶ್ಚರ್ಯವೇನು? ಮೀಥೇನ್‌ನಲ್ಲೇ ಹುಟ್ಟಿದವರ ಬಗ್ಗೆ ಟ್ರಿನಿಡಾಡ್‌ನ ಕೆರೆ ಏನೂ ಹೇಳುವುದಿಲ್ಲ.

ನೀರು ಅಮೃತ ಎಂಬ ಭಾವನೆಗೂ ಪೆಟ್ಟು ಕೊಡುತ್ತೇನೆ. ಚಿಲಿ ದೇಶದ ಅಟಕಾಮಾ ಮರುಭೂಮಿಯ ಒಡಲಿನಲ್ಲಿ ಶತಮಾನಗಳಿಂದ ಮಳೆಯ ದಾಖಲೆ ಇಲ್ಲದ ಜಾಗಗಳಿವೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಮಳೆ ಬಿದ್ದು ತಾತ್ಕಾಲಿಕ ಹೊಂಡಗಳಾದವು. ಮರುಭೂಮಿ ಚಿಗುರುತ್ತದೆ ಎಂದುಕೊಂಡು ಹೋದ ವಿಜ್ಞಾನಿಗಳಿಗೆ ಕಂಡದ್ದು ಹೆಣಗಳ ರಾಶಿ. ಅಲ್ಲಿನ ಸೂಕ್ಷ್ಮಾಣುಜೀವಿ ಪ್ರಭೇದಗಳಲ್ಲಿ ಮುಕ್ಕಾಲು ಪಾಲು, ಕೆಲವೆಡೆ ಅದಕ್ಕೂ ಹೆಚ್ಚು, ನಾಶವಾಗಿದ್ದವು. ಬರಕ್ಕೆ ಒಗ್ಗಿದ ಕೋಶಗಳು ನೀರು ಹೀರಿ ಒಡೆದು ಹೋದವು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು.

ಈಗ 1976ರ ವೈಕಿಂಗ್ ನೌಕೆಗಳನ್ನು ನೆನೆಯಿರಿ. ಮಂಗಳನ ಮಣ್ಣಿನಲ್ಲಿ ಜೀವವಿದೆಯೇ ನೋಡಲು ಅವು ಮಾಡಿದ್ದೇನು? ಪೋಷಕಾಂಶ ಬೆರೆಸಿದ ನೀರು ಚುಮುಕಿಸಿದ್ದು! ಅತಿಥಿ ಸತ್ಕಾರವೆಂದು ಕೊಟ್ಟದ್ದೇ ವಿಷವಾಯಿತೇ ಎಂದು ಡರ್ಕ್ ಶುಲ್ಜ್-ಮಕುಕ್ ಅವರಂಥ ವಿಜ್ಞಾನಿಗಳು ಈಗಲೂ ಕೇಳುತ್ತಿದ್ದಾರೆ.

ರಸಾಯನ ಮೇಷ್ಟ್ರು

ಅದಕ್ಕೆ ನನ್ನದೂ ಒಂದು ಸೇರ್ಪಡೆ. ನನ್ನ ಕಕ್ಷಿದಾರನ ವಿರುದ್ಧವೇ ಹೇಳುತ್ತಿದ್ದೇನೆ. ಪ್ರೋಟೀನ್, ಆರ್‌ಎನ್‌ಎಗಳ ಸರಪಳಿ ಕಟ್ಟುವಾಗ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಬೀಳಬೇಕು. ಸುತ್ತಲೂ ನೀರೇ ತುಂಬಿದ್ದರೆ ಕೊಂಡಿ ಕಳಚುವುದು ಸುಲಭ, ಕಟ್ಟುವುದು ಕಷ್ಟ. ನಮ್ಮ ಪ್ರತಿ ಜೀವಕೋಶದ ಡಿಎನ್ಎಯಲ್ಲಿ ದಿನಕ್ಕೆ ಸಾವಿರಾರು ಅಕ್ಷರಗಳನ್ನು ನೀರೇ ಕಿತ್ತು ಹಾಕುತ್ತದೆ, ದುರಸ್ತಿ ಮಾಡುವ ಕಿಣ್ವಗಳು ಹಗಲಿರುಳೂ ಅವನ್ನು ಮತ್ತೆ ಕೂರಿಸುತ್ತವೆ. ಜೀವ ಮೊದಲು ಹುಟ್ಟಿದ್ದು ಕಡಲ ನಡುವೆಯಲ್ಲ, ಒಣಗಿ ನೆನೆದು ಮತ್ತೆ ಒಣಗುವ ಕೊಳಗಳ ಅಂಚಿನಲ್ಲಿ ಎಂದು ಹಲವರು ವಾದಿಸುವುದು ಇದೇ ಕಾರಣಕ್ಕೆ. ನೀರಿರಬೇಕು, ಆಗಾಗ ಇಲ್ಲದಂತಾಗಲೂ ಬೇಕು.

ಬರೀ ನೀರಿದ್ದರೂ ಸಾಲದು ಎಂಬುದಕ್ಕೆ ಇಥಿಯೋಪಿಯಾದ ಡಲ್ಲೋಲ್‌ನ ಹಳದಿ–ಹಸಿರು ಕುದಿಕೊಳಗಳಿವೆ. ಉಪ್ಪು, ಆಮ್ಲ, ಶಾಖ ಮೂರೂ ಮಿತಿ ಮೀರಿದ ಕೆಲವು ಕೊಳಗಳಲ್ಲಿ ಜೀವದ ಸುಳಿವಿಲ್ಲ ಎಂದು 2019ರಲ್ಲಿ ಒಂದು ತಂಡ ವರದಿ ಮಾಡಿತು. ದ್ರವರೂಪದ ನೀರು ಕಣ್ಣೆದುರೇ ಇದ್ದೂ!

ಕಡಲಾಚೆಯವನು

ಟೈಟನ್‌ಗೆ ಮರಳೋಣ. ಮೀಥೇನ್‌ನಲ್ಲಿ ಪೊರೆ ಹೇಗೆ ಎಂಬ ಮೇಷ್ಟ್ರ ಪ್ರಶ್ನೆಗೆ 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು ಕಂಪ್ಯೂಟರಿನಲ್ಲಿ ಉತ್ತರ ಹುಡುಕಿತು. ನಮ್ಮ ಪೊರೆಗಳು ಕೊಬ್ಬಿನ ಅಣುಗಳಿಂದ ಆಗಿವೆ. ಅವರದು ಅಕ್ರಿಲೋನೈಟ್ರೈಲ್ ಎಂಬ ಸಣ್ಣ ಸಾರಜನಕ ಸಂಯುಕ್ತದಿಂದ ಆದದ್ದು. ಇಲ್ಲಿ ಅಕ್ರಿಲಿಕ್ ನೂಲಿಗೆ ಬಳಸುವ ವಿಷವಸ್ತು ಅದು. ದ್ರವ ಮೀಥೇನ್‌ನಲ್ಲಿ ಅದರ ಪೊರೆ ನಮ್ಮ ಕೋಶಪೊರೆಯಷ್ಟೇ ಬಾಗಿ ಬಳುಕುತ್ತದೆ ಎಂದು ಲೆಕ್ಕ ಹೇಳಿತು. ಅದಕ್ಕೆ ಅಜೋಟೋಸೋಮ್ ಎಂದು ಹೆಸರಿಟ್ಟರು. ಎರಡೇ ವರ್ಷದಲ್ಲಿ, 2017ರಲ್ಲಿ, ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಟೈಟನ್‌ನ ವಾತಾವರಣದಲ್ಲಿ ಅದೇ ಅಕ್ರಿಲೋನೈಟ್ರೈಲ್ ಇರುವುದನ್ನು ಖಚಿತಪಡಿಸಿತು.

ಇನ್ನೊಂದು ಸುಳಿವು ಇದಕ್ಕಿಂತ ಹಳೆಯದು. 2005ರಲ್ಲಿ ಕ್ರಿಸ್ ಮೆಕ್‌ಕೇ ಮತ್ತು ಹೀದರ್ ಸ್ಮಿತ್ ಒಂದು ಮಾತು ಹೇಳಿದ್ದರು: ಟೈಟನ್‌ನಲ್ಲಿ ಜೀವಿಗಳಿದ್ದರೆ ಅವು ಜಲಜನಕವನ್ನು ಉಸಿರಾಡಿ ಅಸಿಟಿಲೀನನ್ನು ತಿನ್ನಬಹುದು, ಹಾಗಿದ್ದರೆ ನೆಲದ ಬಳಿ ಅವೆರಡೂ ಕಡಿಮೆಯಾಗಬೇಕು. 2010ರಲ್ಲಿ, ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆಯ ಮಾಹಿತಿ ನೋಡಿದಾಗ ಜಲಜನಕ ಮೇಲಿನಿಂದ ನೆಲದ ಕಡೆಗೆ ಇಳಿದು ಅಲ್ಲಿ ಕಾಣೆಯಾಗುತ್ತಿರುವಂತಿತ್ತು, ನೆಲದ ಮೇಲೆ ನಿರೀಕ್ಷಿಸಿದಷ್ಟು ಅಸಿಟಿಲೀನ್ ಇರಲಿಲ್ಲ.

ತರ್ಕಬದ್ಧ

ಪೂರ್ತಿ ಹೇಳಿ. 2020ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಅಜೋಟೋಸೋಮ್ ಲೆಕ್ಕವನ್ನು ಮತ್ತೆ ಮಾಡಿ, ಆ ಚಳಿಯಲ್ಲಿ ಅಕ್ರಿಲೋನೈಟ್ರೈಲ್ ಪೊರೆಯಾಗುವ ಬದಲು ಹರಳುಗಟ್ಟಿ ಕೂರುತ್ತದೆ ಎಂದರು. ಜಲಜನಕ, ಅಸಿಟಿಲೀನ್‌ಗಳ ಕೊರತೆಗೆ ಜೀವ ಬೇಡದ ರಾಸಾಯನಿಕ ವಿವರಣೆಗಳೂ ಇವೆ, ಮೆಕ್‌ಕೇ ಅವರೇ ಅವನ್ನು ಪಟ್ಟಿ ಮಾಡಿದ್ದಾರೆ.

ಕಡಲಾಚೆಯವನು

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಅದೇ 2020ರ ಪ್ರಬಂಧ ಇನ್ನೊಂದು ಮಾತನ್ನೂ ಹೇಳುತ್ತದೆ: ಅಷ್ಟು ಚಳಿಯಲ್ಲಿ ಜೀವಕ್ಕೆ ಪೊರೆಯೇ ಬೇಕಾಗಲಿಕ್ಕಿಲ್ಲ. ಅಣುಗಳು ಕರಗಿ ಚದುರಿ ಹೋಗುವ ಭಯ ಇದ್ದರೆ ತಾನೇ ಗೋಡೆ ಬೇಕಾಗುವುದು?

ನಿಶಾಚರ

ಇನ್ನು ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ನಾಸಾದ ಡ್ರಾಗನ್‌ಫ್ಲೈ ನೌಕೆ 2028ರಲ್ಲಿ ಹೊರಟು 2034ರಲ್ಲಿ ಟೈಟನ್ ತಲುಪುವ ಯೋಜನೆಯಿದೆ. ಎಂಟು ರೆಕ್ಕೆಚಕ್ರಗಳಿರುವ, ಅಣುವಿದ್ಯುತ್ತಿನಿಂದ ನಡೆಯುವ ಡ್ರೋನ್. ಕಾರಿನಷ್ಟು ದೊಡ್ಡದಾದರೂ ಟೈಟನ್‌ನ ದಟ್ಟ ಗಾಳಿ, ಕಡಿಮೆ ಗುರುತ್ವದಲ್ಲಿ ಆರಾಮವಾಗಿ ಹಾರುತ್ತದೆ. ಅದರ ಗುರಿ ಯಾವುದು ಗೊತ್ತೇ? ಸಮಭಾಜಕದ ಬಳಿಯ ಸೆಲ್ಕ್ ಎಂಬ ಕುಳಿ, ಸುಮಾರು 80 ಕಿಲೋಮೀಟರ್ ಅಗಲದ್ದು. ಏಕೆ? ಹಿಂದೊಮ್ಮೆ ಅಲ್ಲಿ ಆಕಾಶಕಾಯ ಬಡಿದು ಮಂಜುಗಡ್ಡೆ ಕರಗಿ, ಕೆಲಕಾಲ ದ್ರವರೂಪದ ನೀರು ಇದ್ದಿರಬೇಕು ಎಂದು! ಮೀಥೇನ್ ಕಡಲಿರುವ ಲೋಕಕ್ಕೆ ಅಷ್ಟು ದೂರ ಹೋಗಿ ನಾವು ಹುಡುಕುವುದು ಆರಿಹೋದ ನೀರಿನ ಗುರುತನ್ನು. ಕಡಲಿನ ಮೇಲೆಯೇ ತೇಲುವ ನೌಕೆಯೊಂದರ ಪ್ರಸ್ತಾವ ಇತ್ತು. 2012ರಲ್ಲಿ ಅದನ್ನು ಬಿಟ್ಟು ಮಂಗಳನ ಭೂಕಂಪ ಅಳೆಯುವ ಇನ್‌ಸೈಟ್ ಯೋಜನೆಯನ್ನು ಆರಿಸಿದರು.

ಸೂಕ್ಷ್ಮದರ್ಶಿ

ಇದರಲ್ಲಿ ಪೂರ್ವಗ್ರಹಕ್ಕಿಂತ ಪಂಚಾಂಗದ ಪಾಲು ದೊಡ್ಡದು. ದೊಡ್ಡ ಕಡಲುಗಳೆಲ್ಲ ಉತ್ತರ ಧ್ರುವದಲ್ಲಿವೆ. 2030ರ ದಶಕದ ನಡುವೆ ಅಲ್ಲಿ ಚಳಿಗಾಲ, ವರ್ಷಗಟ್ಟಲೆ ಕತ್ತಲೆ. ಸೂರ್ಯ ಕಾಣದ ಕಡೆ ಭೂಮಿಯೂ ಕಾಣುವುದಿಲ್ಲ. ಡ್ರಾಗನ್‌ಫ್ಲೈ ನೇರವಾಗಿ ಭೂಮಿಯ ಜೊತೆ ಮಾತಾಡಬೇಕಾದ ನೌಕೆ, ಮಾಹಿತಿ ದಾಟಿಸಲು ಮೇಲೆ ಸುತ್ತುವ ಬೇರೆ ನೌಕೆ ಇಲ್ಲ.

ಆದರೆ ಹಣ ಹಂಚುವ ಅಧಿಕಾರ ನನಗಿದ್ದರೆ ನಾನೂ ಕಡಲಿಗೇ ಕಳಿಸುತ್ತಿದ್ದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಕಾರಣ ಬೇರೆ. ನಾಳೆ ಮಂಗಳನ ಮಣ್ಣಿನಡಿ ನೀರಿನ ಜೀವಿ ಸಿಕ್ಕಿತೆಂದುಕೊಳ್ಳಿ. ಅದು ಅಲ್ಲೇ ಹುಟ್ಟಿತೋ, ಇಲ್ಲಿಂದ ಹೋಯಿತೋ, ಅಲ್ಲಿಂದಲೇ ನಾವು ಬಂದೆವೋ ಎಂಬ ಜಗಳ ಸುಲಭಕ್ಕೆ ಮುಗಿಯುವುದಿಲ್ಲ. ಮಂಗಳನಿಂದ ಸಿಡಿದ ಕಲ್ಲುಗಳು ಭೂಮಿಗೆ ಬಂದು ಬಿದ್ದಿವೆ. 1984ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಅಂಥ ಒಂದು ಕಲ್ಲಿನಲ್ಲಿ ಜೀವದ ಕುರುಹಿದೆಯೇ ಎಂದು ಎಷ್ಟು ವರ್ಷ ವಾದ ನಡೆಯಿತೆಂದು ನೆನಪಿರಬಹುದು. ಎರಡೂ ಗ್ರಹಗಳ ಜೀವ ದಾಯಾದಿಗಳಾಗಿದ್ದರೆ ನಮ್ಮ ಎಣಿಕೆ ಮತ್ತೆ ಒಂದೇ, ತರ್ಕಬದ್ಧರು ಹೇಳಿದಂತೆ. ಮೀಥೇನ್‌ನಲ್ಲಿ ಈಜುವ ಒಂದೇ ಒಂದು ಜೀವಕೋಶ ಸಿಕ್ಕರೆ ಅದು ನಮ್ಮ ಬಂಧುವಾಗಿರಲು ಸಾಧ್ಯವೇ ಇಲ್ಲ. ಒಂದೇ ಸೌರವ್ಯೂಹದಲ್ಲಿ ಜೀವ ಎರಡು ಸಲ, ಬೇರೆ ಬೇರೆಯಾಗಿ ಹುಟ್ಟಿದೆ ಎಂದಾಗುತ್ತದೆ. ಸಿಗುವ ಸಂಭವ ಬಹಳ ಕಡಿಮೆ ಎಂದೇ ನನ್ನ ಅಂದಾಜು. ಸಿಕ್ಕರೆ ಮಾತ್ರ ಮಂಗಳನ ಹತ್ತು ಬ್ಯಾಕ್ಟೀರಿಯಾಗಳಿಗಿಂತ ಅದರ ತೂಕ ಹೆಚ್ಚು.

ರಸಾಯನ ಮೇಷ್ಟ್ರು

ಈ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ದೂರದ ಗ್ರಹಗಳಿಗೆ ನೀರಿನ ಶೋಧವೇ ಸರಿ ಎಂಬ ಪಟ್ಟು ಬಿಡುವುದಿಲ್ಲ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹವನ್ನೇ ನೋಡಿ. ಕೇಂಬ್ರಿಜ್‌ನಲ್ಲಿರುವ ಭಾರತ ಮೂಲದ ನಿಕ್ಕು ಮಧುಸೂದನ್ ಮತ್ತು ತಂಡ ಅಲ್ಲಿ 2023ರಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಕಂಡರು. ಭೂಮಿಯ ಕಡಲಿನ ಪಾಚಿಜೀವಿಗಳು ಬಿಡುವ ಡೈಮೀಥೈಲ್ ಸಲ್ಫೈಡ್‌ನ ಸುಳಿವೂ ಇದೆ ಎಂದು 2025ರಲ್ಲಿ ಹೇಳಿದರು, ಬೇರೆ ತಂಡಗಳು ಅದೇ ಮಾಹಿತಿ ನೋಡಿ ಸಂಶಯ ಎತ್ತಿದವು. ನಮಗೆ ಚೆನ್ನಾಗಿ ಗೊತ್ತಿರುವ ಜೀವದ ಅನಿಲದ ಮೇಲೆಯೇ ಇಷ್ಟು ಜಗಳವಾದರೆ, ಕಂಡರಿಯದ ಜೀವ ಬಿಡುವ ಕಂಡರಿಯದ ಅನಿಲವನ್ನು ಅಷ್ಟು ದೂರದಿಂದ ಗುರುತಿಸುವುದು ಹೇಗೆ?

ನಿಶಾಚರ

ಗುರುತಿಸಲಾಗುವುದಿಲ್ಲ ಮೇಷ್ಟ್ರೇ, ಅಲ್ಲಿಗೆ ರಾಜಿ. ದೂರದಲ್ಲಿ ನೀರು ಹುಡುಕಲಿ, ಹತ್ತಿರದಲ್ಲಿ ಮೀಥೇನ್ ಮುಟ್ಟಿ ನೋಡಲಿ. ಆದರೆ ಕೆ2-18ಬಿಯಲ್ಲಿ ಯಾರಾದರೂ ಕುಳಿತು ನಮ್ಮ ಸೂರ್ಯನ ಕಡೆ ದೂರದರ್ಶಕ ತಿರುಗಿಸಿದ್ದರೆ ಟೈಟನ್ ಅವರ ಪಟ್ಟಿಯಲ್ಲಿ ಇರುತ್ತಿರಲಿಲ್ಲ, ನೀರು ದ್ರವವಾಗಿ ನಿಲ್ಲಬಲ್ಲ ವಾಸಯೋಗ್ಯ ವಲಯದಿಂದ ಅದು ಅಷ್ಟು ಆಚೆ. ನಮ್ಮ ಪಟ್ಟಿಯಿಂದಲೂ ಹಾಗೆಯೇ ಎಷ್ಟು ಲೋಕಗಳು ಬಿದ್ದು ಹೋಗುತ್ತಿವೆಯೋ.

ಮಲೆನಾಡಿಗ

ಇಷ್ಟೆಲ್ಲ ಓದಿದ ಮೇಲೆ ಆ ಟೈಟನ್ನನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿದೆ. ತಮ್ಮನ ಮಗನ ಬಳಿ ಸಣ್ಣ ದೂರದರ್ಶಕವಿದೆ, 70 ಮಿಲಿಮೀಟರಿನದು. ಸಾಕೇ?

ನಿಶಾಚರ

ಧಾರಾಳ ಸಾಕು. ಶನಿಯನ್ನು ಹಿಡಿದು ಉಂಗುರ ಸ್ಪಷ್ಟವಾಗುವವರೆಗೆ ಹೊಂದಿಸಿ. ಸುತ್ತಮುತ್ತ ಕಾಣುವ ಚುಕ್ಕೆಗಳಲ್ಲಿ ಪ್ರಖರವಾದದ್ದು ಬಹುಪಾಲು ಟೈಟನ್ನೇ. ಅದು ಉಂಗುರದ ಉದ್ದದ ನಾಲ್ಕು ಪಟ್ಟು ದೂರದವರೆಗೂ ಹೋಗುತ್ತದೆ, ಹಾಗಾಗಿ ಶನಿಗೆ ಅಂಟಿದಂತಿರುವ ಚುಕ್ಕೆಯನ್ನೇ ಹುಡುಕಬೇಡಿ. ಹಿನ್ನೆಲೆಯ ನಕ್ಷತ್ರವೋ ಏನೋ ಎಂಬ ಅನುಮಾನ ಬಂದರೆ ಕಾಗದದ ಮೇಲೆ ಅದರ ಜಾಗ ಗುರುತು ಮಾಡಿಟ್ಟುಕೊಂಡು ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಹದಿನಾರು ದಿನಕ್ಕೆ ಒಂದು ಸುತ್ತು ಹಾಕುವುದರಿಂದ ಅಷ್ಟರಲ್ಲಿ ಕಾಲು ಸುತ್ತು ಸರಿದಿರುತ್ತದೆ. ಶನಿ ತಲೆಯ ಮೇಲೆ ಬರುವವರೆಗೆ ಕಾಯಿರಿ, ದಿಗಂತದ ಹತ್ತಿರವಿದ್ದಾಗ ಗಾಳಿಯ ಕಂಪನ ಹೆಚ್ಚು. ನಿಮ್ಮ ಕಡೆ ಮಳೆಗಾಲ ಮುಗಿದ ಮೇಲೆಯೇ ಇದೆಲ್ಲ ಸಾಧ್ಯ ಎಂಬುದನ್ನು ಬೇರೆ ಹೇಳಬೇಕಿಲ್ಲವಲ್ಲ.